ಹಳೆಯ ಕುದುರೆ ಸಾಗಣೆ ವಾಹನ: ಮುಂಗಡಕ್ಕೆ ಮುನ್ನ ತಪಾಸಣೆ

ಪಂದ್ಯದ ಕುದುರೆ ಸಾಕುವವರು, ಸವಾರಿ ಶಾಲೆ ನಡೆಸುವವರು ಹಾಗೂ ಸಾಗಣೆದಾರರು ಹಳೆಯ ವಾಹನ ಕೊಳ್ಳುವಾಗ ಸಾಮಾನ್ಯವಾಗಿ ಎಂಜಿನ್ ನೋಡಿ ಬೆಲೆ ಕಟ್ಟುತ್ತಾರೆ. ಆದರೆ ಇಂತಹ ವಾಹನದಲ್ಲಿ ನಷ್ಟವು ಅಡಗಿರುವುದು ನೆಲದಲ್ಲಿ. ಕುದುರೆಯ ಮೂತ್ರ ರಬ್ಬರ್ ಹಾಸಿನಡಿ ಇಳಿದು ಮರದ ಹಲಗೆಗಳನ್ನು ಕೊಳೆಯಿಸುತ್ತದೆ. ಉಕ್ಕಿನ ಅಡ್ಡಪಟ್ಟಿಗಳಿಗೆ ತುಕ್ಕು ಹಿಡಿಸುತ್ತದೆ. ಸುಮಾರು 500 ಕಿಲೋ ತೂಗುವ ಪ್ರಾಣಿಯ ಭಾರಕ್ಕೆ ಹಲಗೆ ಮುರಿದರೆ ಅದರ ಕಾಲು ಚಲಿಸುವ ವಾಹನದ ಕೆಳಗೆ ಸಿಲುಕುತ್ತದೆ.

ಆದುದರಿಂದ ಹಾಸನ್ನು ಪೂರ್ತಿ ತೆಗೆಸಿ, ಹಲಗೆಗಳನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡತಕ್ಕದ್ದು. ಮೆತ್ತಗಿದ್ದರೆ ಬದಲಾಯಿಸುವುದು ಅನಿವಾರ್ಯ. ಅಡ್ಡಪಟ್ಟಿಗಳನ್ನು ವಾಹನದ ಕೆಳಗಿನಿಂದ ಪರೀಕ್ಷಿಸಬೇಕು. ಕುದುರೆ ಹತ್ತಿಳಿಯುವ ರ‍್ಯಾಂಪಿನ ಕೀಲು, ಸ್ಪ್ರಿಂಗುಗಳ ಸ್ಥಿತಿಯೂ ಮುಖ್ಯ. ಟೈರಿನ ಮೇಲಿನ ನಾಲ್ಕಂಕಿಯ ಸಂಖ್ಯೆ ತಯಾರಿಕೆಯ ವಾರ ಮತ್ತು ವರ್ಷವನ್ನು ತಿಳಿಸುತ್ತದೆ: 2319 ಎಂದರೆ 2019ರ 23ನೆಯ ವಾರ.

ಅಳತೆಪಟ್ಟಿಯೂ ಜೊತೆಗಿರಲಿ. ಕೇಂದ್ರ ಮೋಟಾರು ವಾಹನ ನಿಯಮಗಳ 125-ಇ ನಿಯಮದಂತೆ, 2016ರ ಜನವರಿ 1ರಿಂದ ಪ್ರತಿ ಕುದುರೆಗೂ ಕನಿಷ್ಠ 2.25 ಚದರ ಮೀಟರಿನ ಶಾಶ್ವತ ವಿಭಾಗವಿರಬೇಕು. ಪ್ರಾಣಿ ಸಾಗಣೆಯ ವಾಹನದಲ್ಲಿ ಬೇರೆ ಸರಕು ಒಯ್ಯುವಂತಿಲ್ಲ. ಮರಳುವಾಗ ಬಾಡಿಗೆ ಸರಕು ಸಿಗುವುದೆಂದು ಲೆಕ್ಕ ಹಾಕಿ ಬೆಲೆ ಒಪ್ಪುವುದು ತಪ್ಪು.

ನೋಂದಣಿ ಪತ್ರದ ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳನ್ನು ವಾಹನದೊಡನೆ ತಾಳೆ ನೋಡಬೇಕು. ಎಂಟು ವರ್ಷ ಮೀರಿದ ಸಾಗಣೆ ವಾಹನಕ್ಕೆ ಅರ್ಹತಾ ಪತ್ರವನ್ನು ಪ್ರತಿವರ್ಷ ನವೀಕರಿಸಬೇಕಾಗುತ್ತದೆ. ಸಾಲವಿದ್ದಲ್ಲಿ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಹಾಗೂ ನಮೂನೆ 35, ವರ್ಗಾವಣೆಗೆ ನಮೂನೆ 29 ಮತ್ತು 30 ಅಗತ್ಯ.

ದುರಸ್ತಿಯ ಅಂದಾಜನ್ನು ಬರಹದಲ್ಲಿ ಪಡೆದು ಬೆಲೆಯಿಂದ ಕಳೆಯುವುದು ನ್ಯಾಯವಾದ ವ್ಯವಹಾರ. ಹಾಸು ತೆಗೆಯಲು ಮಾರಾಟಗಾರ ಒಪ್ಪದಿದ್ದಲ್ಲಿ ಆ ವಾಹನವನ್ನು ಕೈಬಿಡುವುದೇ ಲೇಸು.