ಹಲ್ಲಿನ ಕೀವು ಮತ್ತು ಅಂಗಡಿಯ ಮಾತ್ರೆ

ಹನೂರಿನ ಸಮೀಪದ ನಮ್ಮ ಬಂಧುವೊಬ್ಬರು ದವಡೆಹಲ್ಲಿನ ನೋವಿನಿಂದ ಮೂರು ರಾತ್ರಿ ನಿದ್ರೆಗೆಟ್ಟು, ಔಷಧದ ಅಂಗಡಿಯಿಂದ ಆರು ಕ್ಯಾಪ್ಸೂಲುಗಳನ್ನು ತಂದು ನುಂಗಿದರು. ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧವದು. ನೋವು ಇಳಿಯಿತು. ತಿಂಗಳೊಳಗೆ ಅದೇ ಕೆನ್ನೆ ಊದಿ, ಬಾಯಿ ತೆರೆಯಲಾರದೆ, ಅವರನ್ನು ಕೊಳ್ಳೇಗಾಲಕ್ಕೂ ಅಲ್ಲಿಂದ ಮೈಸೂರಿಗೂ ಕರೆದೊಯ್ಯಬೇಕಾಯಿತು. ಯಳಂದೂರಿನ ಮನೆಗಳಲ್ಲಿಯೂ ಇಂತಹ ಕಥೆಯನ್ನು ನಾವು ಕೇಳಿದ್ದೇವೆ.

ಹುಳುಕು ಹಲ್ಲಿನ ಒಳತಿರುಳನ್ನು ಮುಟ್ಟಿದರೆ ತಿರುಳು ಸಾಯುತ್ತದೆ. ಸತ್ತ ತಿರುಳಿಗೆ ರಕ್ತ ಹರಿಯದು. ರಕ್ತ ಹರಿಯದೆಡೆಗೆ ನುಂಗಿದ ಔಷಧವೂ ತಲುಪದು. ಆದುದರಿಂದ ಕೀವನ್ನು ಹೊರಬಿಡುವುದು, ಬೇರುನಾಳವನ್ನು ಶುದ್ಧಿಮಾಡುವುದು ಇಲ್ಲವೆ ಹಲ್ಲನ್ನು ಕೀಳುವುದೇ ಮೂಲ ಚಿಕಿತ್ಸೆ. ಆರೋಗ್ಯವಂತ ವಯಸ್ಕರಿಗೆ ಈ ಚಿಕಿತ್ಸೆ ಕೂಡಲೇ ದೊರೆಯುವುದಾದರೆ, ಜ್ವರವಿಲ್ಲದ ಹಲ್ಲುನೋವಿಗೂ ಒಂದೆಡೆ ನಿಂತ ಬಾವಿಗೂ ಪ್ರತಿಜೀವಕ ಬೇಡವೆಂದು ಅಮೆರಿಕದ ದಂತವೈದ್ಯ ಸಂಘವು 2019ರಲ್ಲಿ ಸೂಚಿಸಿತು. ಜ್ವರ ಬಂದರೆ, ಬಾವು ಹರಡಿದರೆ, ಅಥವಾ ಬಾವಿದ್ದು ದಂತವೈದ್ಯರು ಕೂಡಲೇ ದೊರೆಯದಿದ್ದರೆ ಮಾತು ಬೇರೆ. ನಮ್ಮ ಹಳ್ಳಿಗಳ ಪಾಡು ಬಹುಪಾಲು ಈ ಕೊನೆಯದು.

ಆಗ ಅಮಾಕ್ಸಿಸಿಲಿನ್‌ಗೆ ಮೊದಲ ಸ್ಥಾನ: 500 ಮಿಲಿಗ್ರಾಂ, ದಿನಕ್ಕೆ ಮೂರು ಬಾರಿ, 3ರಿಂದ 7 ದಿನ, ಮೂರನೆಯ ದಿನ ವೈದ್ಯರು ಮತ್ತೆ ನೋಡಬೇಕು. ಅದು ಸಾಲದಿದ್ದರೆ ಮೆಟ್ರೊನಿಡಜೋಲ್ ಅನ್ನು ಜೊತೆಗೂಡಿಸುವರು. ಈ ಮಾತ್ರೆಯೊಂದೇ ಬಾಯಿಯ ಎಲ್ಲ ರೋಗಾಣುಗಳನ್ನೂ ಕೊಲ್ಲಲಾರದು. ಇದನ್ನು ನುಂಗುವಾಗ ಮದ್ಯ ಸಲ್ಲದು. ಕ್ಲಾವುಲನಿಕ್ ಆಮ್ಲ ಬೆರೆತ ಅಮಾಕ್ಸಿಸಿಲಿನ್‌ಗೆ ವ್ಯಾಪ್ತಿ ಹೆಚ್ಚು, ಭೇದಿಯ ಕಾಟವೂ ಹೆಚ್ಚು. ಪೆನಿಸಿಲಿನ್ ಒಗ್ಗದವರಿಗೆ ಅಜಿಥ್ರೊಮೈಸಿನ್ ಕೊಡುವುದುಂಟು. ಒಂದು ಕಾಲಕ್ಕೆ ಮೆಚ್ಚಿನದಾಗಿದ್ದ ಕ್ಲಿಂಡಾಮೈಸಿನ್ ಕರುಳಿಗೆ ತೀವ್ರ ಸೋಂಕನ್ನು ತಂದೀತೆಂದು ಈಗ ಹಿಂದೆ ಸರಿದಿದೆ.

ನೋವಿಗಂತೂ ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್ ಜೊತೆಯಾಗಿ ಪ್ರತಿಜೀವಕಕ್ಕಿಂತ ಮಿಗಿಲು. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಉಳ್ಳವರಿಗೆ ಹಾಗೂ ಗರ್ಭಿಣಿಯರಿಗೆ ಐಬುಪ್ರೊಫೆನ್ ಸಲ್ಲದು. ಅಜ್ಜಿಯರು ಇಡುವ ಲವಂಗದ ಎಣ್ಣೆ ಕ್ಷಣಕಾಲ ಮರಗಟ್ಟಿಸೀತು. ಒಸಡಿಗೆ ಒತ್ತುವ ಹೊಗೆಸೊಪ್ಪನ್ನು ಮಾತ್ರ ನಾವು ಒಪ್ಪಲಾರೆವು.

ದವಡೆಯ ಕೆಳಗಿನ ಬಾವು ಕುತ್ತಿಗೆಗೆ ಇಳಿದು, ನಾಲಗೆ ಮೇಲೆದ್ದು, ಎಂಜಲು ನುಂಗಲಾರದೆ ಉಸಿರು ಕಟ್ಟಿದಂತಾದರೆ ಅದು ಜರ್ಮನಿಯ ವೈದ್ಯ ಲುಡ್‌ವಿಗ್ 1836ರಲ್ಲಿ ವಿವರಿಸಿದ ಪ್ರಾಣಾಂತಿಕ ಸ್ಥಿತಿ. ಸಿಹಿಮೂತ್ರ ರೋಗಿಗಳು ಹೆಚ್ಚಿನ ಎಚ್ಚರದಿಂದಿರಬೇಕು. ಮಲೆಮಹದೇಶ್ವರ ಬೆಟ್ಟದ ಕಡೆಯ ಹಳ್ಳಿಗಳಿಂದ ಕೊಳ್ಳೇಗಾಲ ಸೇರಲು ಗಂಟೆಗಟ್ಟಲೆ ಹಿಡಿಯುವುದರಿಂದ, ಬೆಳಗಾಗಲೆಂದು ಕಾಯದೆ ರಾತ್ರಿಯೇ 108ಕ್ಕೆ ಕರೆಮಾಡಿ ಹೊರಡಬೇಕು.