ಸ್ನಾನದ ಬಿಸಿನೀರು: ಯಾವ ಒಲೆ, ಯಾವ ಯಂತ್ರ?

ಪುಷ್ಯ ಮಾಸ ಬಂದಿತೆಂದರೆ ಬೀದರ ಜಿಲ್ಲೆಯ ಪ್ರಸ್ಥಭೂಮಿಯಲ್ಲಿ ಚಳಿ ತನ್ನ ಪ್ರತಾಪವನ್ನು ತೋರತೊಡಗುತ್ತದೆ. ಕರ್ನಾಟಕದ ಉತ್ತರದ ತುದಿಯಲ್ಲಿರುವ ಈ ಸೀಮೆ ಕಡಲಿಗೆ ಬಹು ದೂರ. ಸಮುದ್ರಮಟ್ಟದಿಂದ ಸುಮಾರು 600 ಮೀಟರು ಎತ್ತರ. ಮೋಡವಿಲ್ಲದ ರಾತ್ರಿಗಳಲ್ಲಿ ನೆಲವು ಹಗಲೆಲ್ಲ ಹೀರಿಕೊಂಡ ಶಾಖವನ್ನು ಬಿಚ್ಚಾದ ಆಕಾಶಕ್ಕೆ ಸೂಸಿಬಿಡುತ್ತದೆ. ಬೆಳಗಿನ ಜಾವಕ್ಕೆ ಉಷ್ಣತೆಯು 10 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ, ಕೆಲವು ವರ್ಷ ಅದಕ್ಕೂ ಕೆಳಗೆ, ಇಳಿಯುತ್ತದೆ. ವಿಚಿತ್ರವೆಂದರೆ, ರಾತ್ರಿ ನಮ್ಮನ್ನು ನಡುಗಿಸುವ ಆ ನಿರ್ಮಲವಾದ ಆಕಾಶವೇ ಮಧ್ಯಾಹ್ನ ಧಾರಾಳವಾಗಿ ಬಿಸಿಲನ್ನು ಸುರಿಸುತ್ತದೆ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರಿಂದ ಪ್ರಯೋಜನವಿದೆ.

ಮಹಾರಾಷ್ಟ್ರದ ಗಡಿಗೆ ಹೊಂದಿಕೊಂಡಿರುವ ಕಮಲನಗರದಂಥ ಊರಿನಲ್ಲಿ ಸ್ನಾನದ ನೀರು ಕಾಯಿಸಲು ಇಂದು ಐದಾರು ಮಾರ್ಗಗಳಿವೆ. ಅಜ್ಜನ ಕಾಲದ ತಾಮ್ರದ ಬಂಬ ಒಂದು ಮನೆಯಲ್ಲಿದ್ದರೆ, ಪಕ್ಕದ ಮನೆಯಲ್ಲಿ ಬಕೆಟ್ಟಿಗೆ ಇಳಿಬಿಡುವ ವಿದ್ಯುತ್ ಸಲಾಕೆ. ಅದರಾಚೆಯ ಮನೆಯಲ್ಲಿ ಗ್ಯಾಸ್ ಗೀಸರು. ಹೊಸ ಮನೆಯ ಮಾಳಿಗೆಯ ಮೇಲೆ ಸೂರ್ಯಶಾಖದ ಯಂತ್ರ. ಇವುಗಳಲ್ಲಿ ಯಾವುದು ಮೇಲು? ಅಂಗಡಿಯವನನ್ನು ಕೇಳಿದರೆ ತನ್ನಲ್ಲಿರುವುದೇ ಮೇಲೆನ್ನುತ್ತಾನೆ. ಭೌತವಿಜ್ಞಾನವನ್ನು ಕೇಳಿದರೆ ಅದು ಪಕ್ಷಪಾತವಿಲ್ಲದೆ ಲೆಕ್ಕವೊಂದನ್ನು ಮುಂದಿಡುತ್ತದೆ.

ಎಷ್ಟು ಶಾಖ ಬೇಕು?

ಒಂದು ಲೀಟರು ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೊಕ್ಯಾಲೊರಿ ಶಾಖ ಬೇಕು. ಅಷ್ಟೇ ತೂಕದ ಕಬ್ಬಿಣಕ್ಕೆ ಇದರ ಒಂಬತ್ತನೆಯ ಒಂದು ಪಾಲು ಸಾಕು. ನೀರು ಶಾಖವನ್ನು ಕುಡಿಯುವುದರಲ್ಲಿ ಅಷ್ಟು ಹೊಟ್ಟೆಬಾಕ. ಹಾಗೆಯೇ ಒಮ್ಮೆ ಕುಡಿದುದನ್ನು ಬೇಗ ಬಿಟ್ಟುಕೊಡುವುದೂ ಇಲ್ಲ.

ಐದು ಜನರ ಸಂಸಾರವನ್ನು ತೆಗೆದುಕೊಳ್ಳೋಣ. ತಲೆಗೆ 20 ಲೀಟರಿನಂತೆ 100 ಲೀಟರು ನೀರು ಬೇಕು. ತೊಟ್ಟಿಯ ನೀರು 20 ಡಿಗ್ರಿ ಇದೆ, ಮೈಗೆ ಹಿತವಾದದ್ದು 40 ಡಿಗ್ರಿ ಎಂದಿಟ್ಟುಕೊಂಡರೆ, ಪ್ರತಿದಿನ 2000 ಕಿಲೊಕ್ಯಾಲೊರಿ ಬೇಕಾಯಿತು. ವಿದ್ಯುತ್ತಿನ ಒಂದು ಯೂನಿಟ್ಟು 860 ಕಿಲೊಕ್ಯಾಲೊರಿಗೆ ಸಮ. ಆದ್ದರಿಂದ ಇದು ಸುಮಾರು 2.3 ಯೂನಿಟ್ಟು; ತಿಂಗಳಿಗೆ 70. ಯಾವ ಯಂತ್ರವನ್ನೇ ಕೊಳ್ಳಲಿ, ನೀರಿಗೆ ಸೇರಬೇಕಾದ ಶಾಖ ಇಷ್ಟೇ. ಆ ಶಾಖ ಎಲ್ಲಿಂದ ಬರುತ್ತದೆ, ದಾರಿಯಲ್ಲಿ ಎಷ್ಟು ಸೋರಿಹೋಗುತ್ತದೆ, ಮನೆಯವರಿಗೆ ಅದರಿಂದ ಯಾವ ಅಪಾಯವಿದೆ ಎಂಬ ಮೂರು ಪ್ರಶ್ನೆಗಳಲ್ಲಿ ಮಾತ್ರ ಒಂದು ಯಂತ್ರಕ್ಕೂ ಇನ್ನೊಂದಕ್ಕೂ ಭೇದವುಂಟು.

ಬಂಬದ ಜಾಣತನ

ಮೂರು ಕಲ್ಲುಗಳ ಮೇಲೆ ಹಂಡೆಯನ್ನಿಟ್ಟು ಉರಿ ಹಾಕಿದರೆ ಬೆಂಕಿಯು ಹಂಡೆಯ ತಳವನ್ನಷ್ಟೇ ತಾಕುತ್ತದೆ. ಉಳಿದ ಶಾಖ ಹೊಗೆಯೊಡನೆ ಹಾರಿಹೋಗುತ್ತದೆ. ಬಂಬದಲ್ಲಿ ಬೆಂಕಿಯು ನೀರಿನ ಹೊಟ್ಟೆಯೊಳಗೇ ಇರುತ್ತದೆ. ನಡುವೆ ಕೊಳವೆ, ಅದರ ಸುತ್ತ ನೀರು. ಬಿಸಿಯಾದ ಹೊಗೆ ಕೊಳವೆಯುದ್ದಕ್ಕೂ ಏರುತ್ತ ತನ್ನ ಶಾಖವನ್ನು ಎಲ್ಲ ಕಡೆಯಿಂದಲೂ ನೀರಿಗೆ ಒಪ್ಪಿಸುತ್ತದೆ. ತಾಮ್ರವು ಉತ್ತಮ ಉಷ್ಣವಾಹಕವಾದ್ದರಿಂದ ಈ ವಿನಿಮಯ ಸುಗಮ. ಚಹ ಕಾಯಿಸುವ ರಷ್ಯದ ಸಮೊವಾರದ ರಚನೆಯೂ ಹೀಗೆಯೇ ಇದೆ.

ಒಣಗಿದ ಕಟ್ಟಿಗೆಯ ಒಂದು ಕಿಲೊದಲ್ಲಿ ಸುಮಾರು 3600 ಕಿಲೊಕ್ಯಾಲೊರಿ ಶಾಖವಿದೆ. ಅದರ ಕಾಲುಭಾಗ ನೀರಿಗೆ ಸೇರುತ್ತದೆಂದು ಹಿಡಿದರೂ ನಮ್ಮ ಸಂಸಾರಕ್ಕೆ ದಿನಕ್ಕೆ ಎರಡೂಕಾಲು ಕಿಲೊ ಕಟ್ಟಿಗೆ ಸಾಕು. ಹೊಲದಲ್ಲಿ ತೊಗರಿಕಟ್ಟಿಗೆ, ಜಾಲಿಯ ತುಂಡು ಬಿಟ್ಟಿಯಾಗಿ ದೊರೆಯುವವರಿಗೆ ಬಂಬವು ಇಂದಿಗೂ ಹೀನಾಯವಾದ ಸಾಧನವಲ್ಲ. ಆದರೆ ಅದರ ಸ್ಥಾನ ಹಿತ್ತಲು ಅಥವಾ ತೆರೆದ ಪಡಸಾಲೆ, ಮುಚ್ಚಿದ ಬಚ್ಚಲಲ್ಲ. ಉರಿಗೆ ತಕ್ಕಷ್ಟು ಗಾಳಿ, ಹೊಗೆಗೆ ನೇರವಾದ ದಾರಿ ಇವೆರಡನ್ನು ಒದಗಿಸಿದರೆ ಕಟ್ಟಿಗೆ ಬಹಳಷ್ಟು ಉಳಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ರೂಪಿಸಿದ ಮೂರು ಬಾಯಿಯ ಒಲೆಯೂ ಇದೇ ತತ್ತ್ವವನ್ನು ಆಶ್ರಯಿಸಿತ್ತು.

ವಿದ್ಯುತ್ತಿನ ಮಾರ್ಗ

ವಿದ್ಯುತ್ ಸಲಾಕೆಯಲ್ಲಿ ಶಾಖ ನಷ್ಟವಾಗುವುದೇ ಇಲ್ಲವೆನ್ನಬಹುದು. ಅದು ನೀರಿನೊಳಗೇ ಹುಟ್ಟುತ್ತದೆ. 1500 ವಾಟಿನ ಸಲಾಕೆಯು 20 ಲೀಟರು ನೀರನ್ನು 20 ಡಿಗ್ರಿಯಷ್ಟು ಏರಿಸಲು ಸುಮಾರು 19 ನಿಮಿಷ ತೆಗೆದುಕೊಳ್ಳುತ್ತದೆ. ಬೆಲೆಯೂ ಅಗ್ಗ. ಆದರೆ ಇದರಷ್ಟು ಎಚ್ಚರವನ್ನು ಬೇಡುವ ಸಾಧನ ಮನೆಯಲ್ಲಿ ಮತ್ತೊಂದಿಲ್ಲ. ಸಲಾಕೆಯ ಹೊರಕವಚದಲ್ಲಿ ಸಣ್ಣ ಬಿರುಕು ಬಿಟ್ಟರೂ ಬಕೆಟ್ಟಿನ ನೀರಿಗೆ ವಿದ್ಯುತ್ತು ಇಳಿಯಬಹುದು. ನೀರು ಕಾಯ್ದಿದೆಯೇ ಎಂದು ಬೆರಳದ್ದಿ ನೋಡುವ ಅಭ್ಯಾಸ ಎಷ್ಟೋ ಜೀವಗಳನ್ನು ಬಲಿ ತೆಗೆದುಕೊಂಡಿದೆ. ಮೊದಲು ಸ್ವಿಚ್ಚು ಆರಿಸಿ, ಪ್ಲಗ್ಗನ್ನು ಕಿತ್ತ ಮೇಲೆಯೇ ನೀರನ್ನು ಮುಟ್ಟಬೇಕು.

ಗೋಡೆಗೆ ತೂಗುಹಾಕುವ ಸಂಗ್ರಹ ಗೀಸರು ಇದಕ್ಕಿಂತ ಸುರಕ್ಷಿತ. ಅದರ ತೊಟ್ಟಿಗೆ ಶಾಖನಿರೋಧಕ ಹೊದಿಕೆ, ಉಷ್ಣತೆಯನ್ನು ಮಿತಿಯಲ್ಲಿಡುವ ಥರ್ಮೊಸ್ಟಾಟು, ಒತ್ತಡ ಹೆಚ್ಚಿದರೆ ತೆರೆಯುವ ಕವಾಟ ಇವೆಲ್ಲ ಇರುತ್ತವೆ. 60 ಡಿಗ್ರಿಯ 50 ಲೀಟರಿಗೆ 20 ಡಿಗ್ರಿಯ 50 ಲೀಟರು ಬೆರಸಿದರೆ ನಮ್ಮ 100 ಲೀಟರು ಸಿದ್ಧ. ತತ್‌ಕ್ಷಣ ಕಾಯಿಸುವ ಚಿಕ್ಕ ಗೀಸರಿನ ವಿಷಯದಲ್ಲಿ ಜನರಿಗೆ ಒಂದು ಭ್ರಮೆಯಿದೆ. 3000 ವಾಟಿನ ಯಂತ್ರವು ಒಂದು ನಿಮಿಷದಲ್ಲಿ ಕೊಡಬಲ್ಲದ್ದು 43 ಕಿಲೊಕ್ಯಾಲೊರಿ ಮಾತ್ರ. 20 ಡಿಗ್ರಿ ಏರಬೇಕಾದರೆ ನಿಮಿಷಕ್ಕೆ ಎರಡು ಲೀಟರಿಗಿಂತ ಹೆಚ್ಚು ನೀರು ಬಾರದು. ಅಡಿಗೆಮನೆಯ ತೊಳೆಯುವ ಕೆಲಸಕ್ಕೆ ಅದು ಒಪ್ಪುತ್ತದೆ. ಸ್ನಾನಕ್ಕೆ ತಾಳ್ಮೆ ಬೇಕು.

ಇಂಥ ಯಂತ್ರಕ್ಕೆ 13 ಆಂಪಿಯರಿನಷ್ಟು ವಿದ್ಯುತ್ತು ಹರಿಯಬೇಕಾದ್ದರಿಂದ ದಪ್ಪ ತಂತಿ, ಸರಿಯಾದ ಭೂಸಂಪರ್ಕ, ಸೋರಿಕೆಯನ್ನು ಕಂಡೊಡನೆ ಕಡಿದುಹಾಕುವ ರಕ್ಷಕ ಸ್ವಿಚ್ಚು ಈ ಮೂರೂ ಇರಲೇಬೇಕು. ಹಳೆಯ ಮನೆಯ ದೀಪದ ತಂತಿಗೆ ಗೀಸರನ್ನು ಜೋಡಿಸುವುದು ಬೆಂಕಿಗೆ ಆಹ್ವಾನವಿತ್ತಂತೆ.

ಗ್ಯಾಸ್ ಗೀಸರು: ಅನುಕೂಲ ಮತ್ತು ಅಪಾಯ

ಒಂದು ಕಿಲೊ ಅಡಿಗೆ ಅನಿಲದಲ್ಲಿ ಸುಮಾರು 11,000 ಕಿಲೊಕ್ಯಾಲೊರಿ ಶಾಖವಿದೆ. ಗೀಸರು ಅದರ ಐದರಲ್ಲಿ ನಾಲ್ಕು ಪಾಲನ್ನು ನೀರಿಗೆ ಸೇರಿಸುತ್ತದೆಂದರೆ 14.2 ಕಿಲೊದ ಒಂದು ಸಿಲಿಂಡರು ನಮ್ಮ ಸಂಸಾರದ ಎರಡು ತಿಂಗಳ ಸ್ನಾನಕ್ಕೆ ಬರುತ್ತದೆ. ನಲ್ಲಿ ತಿರುಗಿಸಿದೊಡನೆ ಬಿಸಿನೀರು. ವಿದ್ಯುತ್ತು ಹೋದರೂ ಚಿಂತೆಯಿಲ್ಲ. ಇಷ್ಟು ಅನುಕೂಲವಾದ ಯಂತ್ರವನ್ನು ಕುರಿತು ನಾವು ಹೆಚ್ಚು ಮಾತನಾಡಬೇಕಾಗಿರುವುದು ಅದರ ಅಪಾಯದ ಕಾರಣದಿಂದ.

ಉರಿಯುವ ಯಾವ ವಸ್ತುವಿಗೂ ಆಮ್ಲಜನಕ ಬೇಕು. ಒಂದು ಗ್ರಾಮ್ ಅನಿಲ ಪೂರ್ಣವಾಗಿ ಉರಿಯಲು ಸುಮಾರು ಹನ್ನೆರಡು ಲೀಟರು ಗಾಳಿ ವೆಚ್ಚವಾಗುತ್ತದೆ. ನಿಮಿಷಕ್ಕೆ ಆರು ಲೀಟರು ನೀರನ್ನು 25 ಡಿಗ್ರಿ ಏರಿಸುವ ಗೀಸರು ನಿಮಿಷಕ್ಕೆ 17 ಗ್ರಾಮ್ ಅನಿಲವನ್ನು ಉರಿಸುತ್ತದೆ. ಎಂದರೆ 200 ಲೀಟರಿಗೂ ಹೆಚ್ಚು ಗಾಳಿಯ ಆಮ್ಲಜನಕವನ್ನು ನುಂಗುತ್ತದೆ. ಉದ್ದ ಅಗಲ ಒಂದೂವರೆ ಮೀಟರು, ಎತ್ತರ 2.4 ಮೀಟರು ಇರುವ ಬಚ್ಚಲಿನಲ್ಲಿರುವ ಗಾಳಿ ಒಟ್ಟು 5400 ಲೀಟರು. ಚಳಿಯೆಂದು ಕಿಟಕಿ, ಬಾಗಿಲುಗಳನ್ನು ಭದ್ರವಾಗಿ ಮುಚ್ಚಿ ಹತ್ತು ನಿಮಿಷ ನೀರು ಬಿಟ್ಟರೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಆಮ್ಲಜನಕ ಮುಗಿದುಹೋಗುತ್ತದೆ.

ಅಷ್ಟರವರೆಗೆ ಕಾಯುವ ಅಗತ್ಯವೂ ಇಲ್ಲ. ಆಮ್ಲಜನಕ ಕಡಿಮೆಯಾಗುತ್ತ ಬಂದಂತೆ ಉರಿಯು ಅಪೂರ್ಣವಾಗುತ್ತದೆ. ಪೂರ್ಣವಾಗಿ ಉರಿದಾಗ ಇಂಗಾಲದ ಡೈಆಕ್ಸೈಡು ಹುಟ್ಟುವಲ್ಲಿ, ಈಗ ಇಂಗಾಲದ ಮಾನಾಕ್ಸೈಡು ಎಂಬ ವಿಷಾನಿಲ ಹುಟ್ಟತೊಡಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಣ್ಣಿಗೆ ಉರಿಯೂ ಆಗದು. ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವ ಹಿಮೊಗ್ಲೊಬಿನ್ನು ಈ ಅನಿಲವನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಗಾಳಿಯ ಸಾವಿರ ಪಾಲಿನಲ್ಲಿ ಇದು ಎರಡು ಪಾಲಿದ್ದರೆ ಒಂದು ಗಂಟೆಯೊಳಗೆ ಪ್ರಾಣಕ್ಕೇ ಸಂಚಕಾರ ಬರಬಹುದು. ಮೊದಲು ತಲೆನೋವು, ಆಮೇಲೆ ತಲೆ ಸುತ್ತುವುದು, ವಾಕರಿಕೆ, ಕಾಲುಗಳಲ್ಲಿ ನಿಶ್ಶಕ್ತಿ. ‘ಇಲ್ಲಿಂದ ಹೊರಗೆ ಹೋಗಬೇಕು’ ಎಂದು ಹೊಳೆಯುವ ವೇಳೆಗೆ ಅಗುಳಿ ತೆಗೆಯುವ ಶಕ್ತಿಯೂ ಉಳಿದಿರುವುದಿಲ್ಲ. ಚಳಿಗಾಲದಲ್ಲಿ ಬಚ್ಚಲಲ್ಲಿ ಕುಸಿದುಬಿದ್ದವರ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವುದಕ್ಕೆ ಇದೇ ಕಾರಣ.

ಪರಿಹಾರ ಕಷ್ಟವಾದುದಲ್ಲ. ಗ್ಯಾಸ್ ಗೀಸರನ್ನೂ ಅದರ ಸಿಲಿಂಡರನ್ನೂ ಬಚ್ಚಲಿನ ಹೊರಗೆ, ಗಾಳಿಯಾಡುವ ತೆರೆದ ಜಾಗದಲ್ಲಿ ನಿಲ್ಲಿಸಬೇಕು; ಒಳಕ್ಕೆ ಬರಬೇಕಾದುದು ನೀರಿನ ಕೊಳವೆ ಮಾತ್ರ. ಯಾರಾದರೂ ಒಳಗೆ ಕುಸಿದರೆಂದು ತಿಳಿದರೆ ಬಾಗಿಲನ್ನು ಮುರಿದು, ಅವರನ್ನು ತಡಮಾಡದೆ ತೆರೆದ ಗಾಳಿಗೆ ತಂದು, ಆಮ್ಲಜನಕ ದೊರೆಯುವ ಆಸ್ಪತ್ರೆಗೆ ಸಾಗಿಸಬೇಕು.

ಕೋಣೆ ಬೆಚ್ಚಗಾಗಲೆಂದು ಇದ್ದಿಲಿನ ಸಿಗಡಿಯನ್ನು ಒಳಗಿಟ್ಟು, ಕದ ಮುಚ್ಚಿ ಮಲಗುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಕೆಂಡದಲ್ಲಿ ಹೊಗೆ ಕಾಣದು. ಆದ್ದರಿಂದಲೇ ಅದು ಹೆಚ್ಚು ಮೋಸ. ಬಾಣಂತಿಯ ಕೋಣೆಯಲ್ಲಂತೂ ಈ ವಿಷಯದಲ್ಲಿ ಹಿರಿಯರು ವಿಶೇಷ ಎಚ್ಚರ ವಹಿಸಬೇಕು.

ಚಕ್ರದ ಮೇಲಿನ ಮನೆಯಿಂದ ಒಂದು ಪಾಠ

ಯುರೋಪಿನ ಶೀತ ದೇಶಗಳಲ್ಲಿ ಹಾಸಿಗೆ, ಅಡಿಗೆ, ಸ್ನಾನ ಎಲ್ಲಕ್ಕೂ ಅನುಕೂಲವಿರುವ ಮೋಟಾರು ಮನೆಗಳಲ್ಲಿ ಜನ ಸಂಚರಿಸುತ್ತಾರೆ. ಹೊರಗೆ ಹಿಮ, ಒಳಗೆ ಬಚ್ಚಲಿಗಿಂತ ತುಸು ದೊಡ್ಡದಾದ ಬಿಗಿಯಾದ ಗೂಡು. ಅಲ್ಲಿಯೂ ಅನಿಲವನ್ನೋ ಡೀಸಲ್ಲನ್ನೋ ಉರಿಸಿಯೇ ಗಾಳಿಯನ್ನೂ ನೀರನ್ನೂ ಕಾಯಿಸುತ್ತಾರೆ. ಆದರೆ ಉರಿಯ ಪೆಟ್ಟಿಗೆ ಸಂಪೂರ್ಣವಾಗಿ ಮುಚ್ಚಿರುತ್ತದೆ. ಒಂದು ಕೊಳವೆ ಹೊರಗಿನಿಂದಲೇ ಗಾಳಿಯನ್ನು ತರುತ್ತದೆ. ಇನ್ನೊಂದು ಹೊಗೆಯನ್ನು ಹೊರಕ್ಕೇ ಒಯ್ಯುತ್ತದೆ. ಮನುಷ್ಯನ ಉಸಿರಿನ ಗಾಳಿಗೂ ಉರಿಯ ಗಾಳಿಗೂ ಎಲ್ಲಿಯೂ ಸಂಪರ್ಕವಿಲ್ಲ; ಲೋಹದ ಗೋಡೆಯ ಮೂಲಕ ಶಾಖ ಮಾತ್ರ ದಾಟುತ್ತದೆ. ಇದರ ಮೇಲೆ ಮಾನಾಕ್ಸೈಡನ್ನು ಕಂಡು ಕೂಗುವ ಪುಟ್ಟ ಎಚ್ಚರಿಕೆಯ ಯಂತ್ರವನ್ನೂ ಇಡುತ್ತಾರೆ. ವ್ಯಾನು, ಬಸ್ಸುಗಳನ್ನು ಪ್ರವಾಸದ ಮನೆಯಾಗಿ ಮಾರ್ಪಡಿಸಿಕೊಳ್ಳುವವರು ಅಡಿಗೆಯ ಒಲೆಯನ್ನೇ ಚಳಿ ಕಾಯಿಸಲು ಹಚ್ಚಿಡದೆ, ಈ ಏರ್ಪಾಡನ್ನೇ ಅನುಸರಿಸಬೇಕು.

ಬಿಸಿಲಿನ ಬಿಸಿನೀರು

ಇನ್ನು ಆರಂಭದಲ್ಲಿ ಹೇಳಿದ ನಿರ್ಮಲ ಆಕಾಶಕ್ಕೆ ಬರೋಣ. ಬಿಸಿಲಿನಿಂದ ನೀರು ಕಾಯಿಸುವ ಯಂತ್ರ ಹೊಸದಲ್ಲ. ಅಮೆರಿಕದ ಬಾಲ್ಟಿಮೋರಿನ ಕ್ಲಾರೆನ್ಸ್ ಕೆಂಪ್ ಎಂಬುವರು 1891ರಲ್ಲಿಯೇ ಇಂಥದೊಂದಕ್ಕೆ ಪೇಟೆಂಟು ಪಡೆದರು. ಅದರಲ್ಲಿ ಹಗಲು ಕಾದ ನೀರು ರಾತ್ರಿ ಆರಿಹೋಗುತ್ತಿತ್ತು. 1909ರಲ್ಲಿ ವಿಲಿಯಂ ಬೇಯ್ಲಿ ಬಿಸಿಲು ಹೀರುವ ಫಲಕವನ್ನೂ ನೀರು ತುಂಬುವ ತೊಟ್ಟಿಯನ್ನೂ ಬೇರೆ ಮಾಡಿ, ತೊಟ್ಟಿಗೆ ಶಾಖನಿರೋಧಕ ಹೊದಿಸಿದರು. ಇಂದಿನ ಯಂತ್ರಗಳು ಅದರ ವಂಶದವೇ.

ಕಪ್ಪು ಬಳಿದ ತಗಡು ಬಿಸಿಲನ್ನು ಹೀರುತ್ತದೆ. ಮೇಲಿನ ಗಾಜು ಬೆಳಕನ್ನು ಒಳಗೆ ಬಿಟ್ಟು ಶಾಖವನ್ನು ಹೊರಬಿಡದೆ ತಡೆಯುತ್ತದೆ. ಕೊಳವೆಯಲ್ಲಿ ಬಿಸಿಯಾದ ನೀರು ಹಗುರವಾಗಿ ಮೇಲಿನ ತೊಟ್ಟಿಗೆ ತಾನಾಗಿಯೇ ಏರುತ್ತದೆ. ತಣ್ಣೀರು ಭಾರವಾಗಿ ಕೆಳಗಿಳಿಯುತ್ತದೆ. ಪಂಪು ಬೇಡ, ಇಂಧನ ಬೇಡ. ದಖ್ಖನಿನಲ್ಲಿ ನಿರಭ್ರ ದಿನದಂದು ಒಂದು ಚದರ ಮೀಟರಿನ ಮೇಲೆ ಸುಮಾರು 5 ಯೂನಿಟ್ಟಿನಷ್ಟು ಬಿಸಿಲು ಬೀಳುತ್ತದೆ. ಎರಡು ಚದರ ಮೀಟರಿನ ಫಲಕ ಅದರ ಅರ್ಧವನ್ನು ಹಿಡಿದರೂ 100 ಲೀಟರು ನೀರು 20ರಿಂದ 60 ಡಿಗ್ರಿಗೆ ಏರುತ್ತದೆ. ನಮ್ಮ ಸಂಸಾರಕ್ಕೆ ಬೇಕಾದುದರ ಎರಡರಷ್ಟು!

ಕಮಲನಗರವು ಸುಮಾರು 18 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಬಿಸಿನೀರು ಹೆಚ್ಚು ಬೇಕಾಗುವ ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ಬಾಗಿರುವುದರಿಂದ, ಫಲಕವನ್ನು ದಕ್ಷಿಣಾಭಿಮುಖವಾಗಿ ಸುಮಾರು 30 ಡಿಗ್ರಿ ಓರೆಯಾಗಿ ನಿಲ್ಲಿಸುವುದು ಉಚಿತ. ಕೊಳವೆಬಾವಿಯ ಗಡಸು ನೀರಾದರೆ ಇನ್ನೊಂದು ವಿಚಾರವಿದೆ. ಅದರಲ್ಲಿ ಕರಗಿರುವ ಸುಣ್ಣದ ಲವಣ ಕಾದಾಗ ಬೇರ್ಪಟ್ಟು, ಕೊಳವೆಯ ಒಳಗೆ ಬಿಳಿಯ ಪದರವಾಗಿ ಕಟ್ಟುತ್ತದೆ. ಫಲಕದ ತಾಮ್ರದ ಸಣ್ಣ ಕೊಳವೆಗಳು ಕೆಲವೇ ವರ್ಷಗಳಲ್ಲಿ ಕಟ್ಟಿಹೋಗಬಹುದು. ಅಂಥಲ್ಲಿ ಅಗಲವಾದ ನಿರ್ವಾತ ಗಾಜಿನ ಕೊಳವೆಗಳ ಯಂತ್ರ ಒಳ್ಳೆಯದು. ಆದರೆ ಆಲಿಕಲ್ಲಿನ ಮಳೆಗೆ ಆ ಗಾಜು ಒಡೆಯಬಹುದೆಂಬುದನ್ನೂ ಮರೆಯಲಾಗದು; 2014ರ ಮಾರ್ಚಿಯಲ್ಲಿ ಈ ಸೀಮೆಯ ರೈತರು ಆಲಿಕಲ್ಲಿನ ಹೊಡೆತವನ್ನು ಚೆನ್ನಾಗಿ ಕಂಡಿದ್ದಾರೆ. ಗಡಸು ನೀರಿನ ತೊಂದರೆ ವಿದ್ಯುತ್ ಗೀಸರಿಗೂ ತಪ್ಪಿದ್ದಲ್ಲ. ಆಗಾಗ್ಗೆ ತೆರೆದು ಸುಣ್ಣವನ್ನು ತೆಗೆಸಬೇಕು.

ಮಾಳಿಗೆಯಿಂದ ಬಚ್ಚಲಿಗೆ ಕೊಳವೆ ಆದಷ್ಟೂ ಗಿಡ್ಡವಾಗಿರಲಿ. 15 ಮಿಲಿಮೀಟರು ಒಳವ್ಯಾಸದ ಹತ್ತು ಮೀಟರು ಕೊಳವೆಯಲ್ಲಿ ಸುಮಾರು 1.8 ಲೀಟರು ನೀರು ನಿಂತಿರುತ್ತದೆ. ಪ್ರತಿ ಸಲ ಅದು ತಣ್ಣಗೆ ಹರಿದುಹೋದ ಮೇಲೆಯೇ ಬಿಸಿನೀರಿನ ಸರದಿ.

ಹಾಗಾದರೆ ಯಾವುದು?

ಸ್ವಂತ ಮಾಳಿಗೆಯುಳ್ಳ ದೊಡ್ಡ ಸಂಸಾರಕ್ಕೆ ಬಿಸಿಲಿನ ಯಂತ್ರವೇ ಶ್ರೇಷ್ಠ. ಮೋಡದ ದಿನಗಳಿಗೆ ಅದರ ತೊಟ್ಟಿಯಲ್ಲಿ ವಿದ್ಯುತ್ ಸುರುಳಿಯೊಂದಿದ್ದರೆ ಆಯಿತು. ಬಾಡಿಗೆ ಮನೆಯವರಿಗೆ ಭೂಸಂಪರ್ಕವನ್ನು ಪರೀಕ್ಷಿಸಿ ಹಾಕಿಸಿದ ಸಂಗ್ರಹ ಗೀಸರು ಯೋಗ್ಯ. ಹಿತ್ತಲೂ ಹೊಲದ ಕಟ್ಟಿಗೆಯೂ ಇರುವವರು ಅಜ್ಜನ ಬಂಬವನ್ನು ಮೋಡಕದವನಿಗೆ ಹಾಕುವ ಅವಸರ ಮಾಡಬೇಕಾಗಿಲ್ಲ. ಗ್ಯಾಸ್ ಗೀಸರನ್ನು ಮೆಚ್ಚಿದವರು ಅದನ್ನು ಹೊರಗೆ ನಿಲ್ಲಿಸಲು ಜಾಗವಿದ್ದರೆ ಮಾತ್ರ ಕೊಳ್ಳಲಿ. ಜಾಗವಿಲ್ಲದಿದ್ದರೆ ಅದರ ಆಸೆಯನ್ನು ಬಿಡುವುದೇ ಲೇಸು. ಹಣದ ಲೆಕ್ಕದಲ್ಲಿ ನಾಲ್ಕು ರೂಪಾಯಿ ಹೆಚ್ಚುಕಡಿಮೆಯಾದರೆ ಮುಂದಿನ ತಿಂಗಳು ಸರಿಪಡಿಸಿಕೊಳ್ಳಬಹುದು. ಗಾಳಿಯ ಲೆಕ್ಕ ತಪ್ಪಿದರೆ ಸರಿಪಡಿಸಲು ಸಮಯವೇ ಸಿಕ್ಕುವುದಿಲ್ಲ.