ಬಿಸಿಗಾಳಿಯ ತಗಡಿನ ದಾರಿ

ಕೆನಡ ದೇಶದ ವಿನ್ನಿಪೆಗ್ ನಗರದಲ್ಲಿಯೂ ಅದಕ್ಕೆ ದಕ್ಷಿಣದಲ್ಲಿರುವ ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿಯೂ ಜನವರಿಯ ರಾತ್ರಿಗಳಲ್ಲಿ ಉಷ್ಣತೆಯು ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಕ್ಕಿಳಿಯುವುದುಂಟು. ಅಂತಹ ಚಳಿಯಲ್ಲಿ ಮನೆಯನ್ನು ಬೆಚ್ಚಗಿಡುವುದು ಪ್ರಾಣದ ಪ್ರಶ್ನೆಯೇ ಸರಿ. ಅಲ್ಲಿಯ ಅನೇಕ ಮನೆಗಳ ನೆಲಮಾಳಿಗೆಯಲ್ಲಿ ಒಂದು ಕುಲುಮೆಯಿರುತ್ತದೆ. ಅದು ಅನಿಲವನ್ನು ಉರಿಸಿ ಗಾಳಿಯನ್ನು ಕಾಯಿಸುತ್ತದೆ. ವಿದ್ಯುತ್ ಪಂಖವೊಂದು ಆ ಗಾಳಿಯನ್ನು ತಗಡಿನ ಕೊಳವೆಗಳ ಮೂಲಕ ಕೋಣೆ ಕೋಣೆಗೂ ನೂಕುತ್ತದೆ. ಈ ಕೊಳವೆಗಳಿಗೆ ಡಕ್ಟ್ ಎಂದು ಹೆಸರು. ನಮ್ಮ ನಾಡಿನ ದೊಡ್ಡ ಚಿತ್ರಮಂದಿರಗಳಲ್ಲಿ ತಂಪುಗಾಳಿಯನ್ನು ಹೊತ್ತು ತರುವ ಇಂತಹುದೇ ಡಕ್ಟುಗಳನ್ನು ವಾಚಕರು ಕಂಡಿರಬಹುದು.

ಇಂತಹ ಮನೆಗಳಲ್ಲಿ ಕೆಲವೊಮ್ಮೆ ಒಂದು ವಿಚಿತ್ರ ತೊಂದರೆ ತಲೆದೋರುತ್ತದೆ. ಉಳಿದೆಲ್ಲ ಕೋಣೆಗಳೂ ಬೆಚ್ಚಗಿರುವಾಗ ಕುಲುಮೆಗೆ ದೂರವಾದ ಒಂದು ಕೋಣೆ ಮಾತ್ರ ತಣ್ಣಗೆ ಉಳಿದುಬಿಡುತ್ತದೆ. ಕುಲುಮೆ ಸಾಲದೆಂದು ಬಗೆದು ಇನ್ನೂ ದೊಡ್ಡದನ್ನು ತಂದು ಕೂರಿಸಿದರೂ ಫಲ ಕಾಣದು. ಏಕೆಂದರೆ ಎಷ್ಟೋ ವೇಳೆ ದೋಷವು ಅಡಗಿರುವುದು ತಗಡಿನ ಕೊಳವೆಯ ಅಳತೆಯಲ್ಲಿ.

ಗಾಳಿಗೆ ಅತ್ಯಂತ ಅನುಕೂಲವಾದ ಕೊಳವೆ ದುಂಡನೆಯದು. ಆದರೆ ಮನೆಯ ಮರಗೆಲಸ ಅದಕ್ಕೆ ಎಡೆಗೊಡಬೇಕಷ್ಟೆ! ನಮ್ಮ ಹಳೆಯ ಮಾಳಿಗೆ ಮನೆಗಳಲ್ಲಿ ಜಂತೆಗಳನ್ನು ಸಾಲಾಗಿ ಹಾಯಿಸುತ್ತಿದ್ದಂತೆ ಅಲ್ಲಿಯೂ ಅಂತಸ್ತಿನ ನೆಲದ ಕೆಳಗೆ ಜಂತೆಗಳಿರುತ್ತವೆ. ರೂಢಿಯ ಪ್ರಕಾರ 16 ಅಂಗುಲಕ್ಕೊಂದು ಜಂತೆ; ಅದರ ದಪ್ಪ ಒಂದೂವರೆ ಅಂಗುಲವನ್ನು ಕಳೆದರೆ ನಡುವೆ ಉಳಿಯುವುದು ಹದಿನಾಲ್ಕೂವರೆ ಅಂಗುಲ. ಅನೇಕ ಮನೆಗಳಲ್ಲಿ ಜಂತೆಯ ಆಳ ಒಂಬತ್ತೂಕಾಲು ಅಂಗುಲ ಮಾತ್ರ. 10 ಅಂಗುಲ ವ್ಯಾಸದ ದುಂಡು ಕೊಳವೆ ಇದರಲ್ಲಿ ಹಿಡಿಸಲಾರದು. ಸೂರಿನಿಂದ ಕೆಳಕ್ಕೆ ಇಣುಕುತ್ತದೆ. ಆದುದರಿಂದಲೇ ಆಯತಾಕಾರದ ಡಕ್ಟಿನ ಮೊರೆಹೋಗಬೇಕಾಗುತ್ತದೆ.

ಈಗ ಪ್ರಶ್ನೆ ಇದು: 10 ಅಂಗುಲದ ದುಂಡು ಕೊಳವೆಗೆ ಬದಲಾಗಿ ಯಾವ ಅಳತೆಯ ಆಯತವನ್ನು ಆರಿಸಬೇಕು? ತರಗತಿಯಲ್ಲಿ ನಾವು ಇದನ್ನು ಕೇಳಿದಾಗಲೆಲ್ಲ ಬಹುಮಂದಿ ವಿದ್ಯಾರ್ಥಿಗಳು ತಡಮಾಡದೆ ಉತ್ತರಿಸುತ್ತಾರೆ: ಕ್ಷೇತ್ರಫಲ ಸಮನಾಗಿದ್ದರೆ ಸಾಕು. ವೃತ್ತದ ಕ್ಷೇತ್ರಫಲ 78.5 ಚದರ ಅಂಗುಲ. 8ಕ್ಕೆ 10ರ ಆಯತವಾದರೆ 80. 4ಕ್ಕೆ 20ರದಾದರೂ 80, 2ಕ್ಕೆ 40ರದಾದರೂ 80. ಹಾಗಾದರೆ ಮೂರೂ ಒಂದೇ ಅಲ್ಲವೆ?

ಅಲ್ಲ. ಬೇಸಾಯಗಾರನೊಬ್ಬ ಇವೇ ಆಕಾರದ ಹೊಲಗಳಿಗೆ ಬೇಲಿ ಹಾಕುವನೆಂದು ಭಾವಿಸೋಣ. ಹೊಲದ ವಿಸ್ತಾರ ಒಂದೇ ಆದರೂ ಬೇಲಿಯ ಉದ್ದ ಒಂದೇ ಅಲ್ಲ. ದುಂಡು ಹೊಲಕ್ಕೆ 31.4 ಮಾನ ಬೇಲಿ ಸಾಕು. 8ಕ್ಕೆ 10ರ ಹೊಲಕ್ಕೆ 36, 4ಕ್ಕೆ 20ರದಕ್ಕೆ 48, 2ಕ್ಕೆ 40ರದಕ್ಕೆ 84 ಬೇಕು. ಡಕ್ಟಿನಲ್ಲಿ ಈ ಬೇಲಿಯೇ ತಗಡಿನ ಗೋಡೆ. ಹರಿಯುವ ಗಾಳಿಯನ್ನು ಹಿಡಿದು ತಡೆಯುವುದೂ ಆ ಗೋಡೆಯೇ. ಗಾಳಿಯನ್ನು ಮುಂದಕ್ಕೆ ನೂಕುವ ಬಲವೆಂದರೆ ಎರಡು ತುದಿಗಳ ಒತ್ತಡದ ಅಂತರವನ್ನು ಕ್ಷೇತ್ರಫಲದಿಂದ ಗುಣಿಸಿದಷ್ಟು. ಹಿಂದಕ್ಕೆಳೆಯುವ ಘರ್ಷಣೆಯಾದರೋ ಸುತ್ತಳತೆಯನ್ನೂ ಉದ್ದವನ್ನೂ ಅವಲಂಬಿಸಿದೆ. ಅಲ್ಲದೆ ಹೆಚ್ಚು ಕಡಮೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಹರಿವು ಸ್ಥಿರವಾಗಿರುವಾಗ ಇವೆರಡು ಬಲಗಳೂ ಸರಿದೂಗಬೇಕು. ಆದ್ದರಿಂದ ಕ್ಷೇತ್ರಫಲವು ಬದಲಾಗದೆ ಸುತ್ತಳತೆಯಷ್ಟೇ ಹೆಚ್ಚಿದರೆ ಗಾಳಿಯ ವೇಗ ತಗ್ಗಲೇಬೇಕು.

ಎಷ್ಟು ತಗ್ಗೀತು? 1948ರಲ್ಲಿ ಆರ್. ಜಿ. ಹ್ಯೂಬ್ಷರ್ ಎಂಬವರು ಪ್ರಕಟಿಸಿದ ಸೂತ್ರವೊಂದನ್ನು ಎಂಜಿನಿಯರುಗಳು ಇಂದಿಗೂ ಬಳಸುತ್ತಾರೆ. ಆಯತದ ಎರಡು ಭುಜಗಳ ಗುಣಲಬ್ಧವನ್ನು 0.625 ಘಾತಕ್ಕೇರಿಸಿ, ಭುಜಗಳ ಮೊತ್ತದ ನಾಲ್ಕನೆಯ ಮೂಲದಿಂದ ಭಾಗಿಸಿ, ಬಂದುದನ್ನು 1.30ರಿಂದ ಗುಣಿಸಬೇಕು. ದೊರೆಯುವ ಸಂಖ್ಯೆಯೇ ಸಮಾನ ವ್ಯಾಸ, ಅಂದರೆ ಅಷ್ಟೇ ಗಾಳಿಯನ್ನು ಅಷ್ಟೇ ತಡೆಯೊಡನೆ ಒಯ್ಯುವ ದುಂಡು ಕೊಳವೆಯ ವ್ಯಾಸ. ಇದರ ಪ್ರಕಾರ 8ಕ್ಕೆ 10ರ ಡಕ್ಟು 9.8 ಅಂಗುಲದ ದುಂಡು ಕೊಳವೆಗೆ ಸಮ, ನಷ್ಟ ಅಲ್ಪ. 4ಕ್ಕೆ 20ರದು 9.1 ಅಂಗುಲಕ್ಕೆ ಇಳಿಯುತ್ತದೆ. ಅಷ್ಟೇ ಒತ್ತಡದಲ್ಲಿ ಅದು ಒಯ್ಯುವ ಗಾಳಿ 10 ಅಂಗುಲದ ಕೊಳವೆಯ ಗಾಳಿಯಲ್ಲಿ ಮುಕ್ಕಾಲು ಪಾಲಿಗಿಂತ ತುಸು ಹೆಚ್ಚು, ಅಷ್ಟೆ. 2ಕ್ಕೆ 40ರದು ಹೆಚ್ಚು ಕಡಮೆ ಅರ್ಧವನ್ನಷ್ಟೇ ಒಯ್ದೀತು.

ಹಾಗಾದರೆ 8 ಅಂಗುಲ ಎತ್ತರದಲ್ಲಿ ಸರಿಯಾದ ಅಗಲವೆಷ್ಟು? ಹತ್ತೂವರೆ ಅಂಗುಲ, 11 ಇಟ್ಟರೆ ನಿಶ್ಚಿಂತೆ. 4 ಅಂಗುಲದ ಎಡೆಯಷ್ಟೇ ಇದ್ದರೆ ಅಗಲವನ್ನು 25ಕ್ಕೆ ಏರಿಸಬೇಕು. ಆಗ ಸುತ್ತಳತೆ 58 ಅಂಗುಲ: ದುಂಡು ಕೊಳವೆಯ ತಗಡಿಗೆ ಸುಮಾರು ಇಮ್ಮಡಿ. ತಗಡಿನ ಖರ್ಚಷ್ಟೇ ಅಲ್ಲ, ದಾರಿಯಲ್ಲಿ ಶಾಖವನ್ನು ಸೋರಿಬಿಡುವ ಮೈಯೂ ಇಮ್ಮಡಿಯಾಯಿತು. ಅಗಲವು ಎತ್ತರದ ನಾಲ್ಕು ಮಡಿಯನ್ನು ಮೀರದಿರಲಿ ಎಂಬ ರೂಢಿಗೆ ಇದೇ ಕಾರಣ.

ಮೇಲಂತಸ್ತಿಗೆ ಗಾಳಿಯನ್ನೇರಿಸುವ ಗೋಡೆಯೊಳಗಿನ ಡಕ್ಟಿನ ಸ್ಥಿತಿ ಇನ್ನೂ ಇಕ್ಕಟ್ಟಿನದು. ಗೋಡೆಯ ಮರಗಂಬಗಳ ಆಳ ಮೂರೂವರೆ ಅಂಗುಲ. ಅದರೊಳಗೆ ಇಳಿಸುವ ಡಕ್ಟು ಸಾಮಾನ್ಯವಾಗಿ ಮೂರೂಕಾಲಕ್ಕೆ 10 ಅಂಗುಲದ್ದು. ಸೂತ್ರವನ್ನು ಹಚ್ಚಿದರೆ ಇದು ಸರಿಯಾಗಿ 6 ಅಂಗುಲದ ದುಂಡು ಕೊಳವೆಗೆ ಸಮ. ಕ್ಷೇತ್ರಫಲವನ್ನು ಹೋಲಿಸಿದರೆ ಆಯತದ್ದು 32.5, ವೃತ್ತದ್ದು 28.3 ಚದರ ಅಂಗುಲ. ನಾಲ್ಕು ಚದರ ಅಂಗುಲಕ್ಕೂ ಮಿಗಿಲಾದ ಈ ವ್ಯತ್ಯಾಸ ಚಪ್ಪಟೆಯಾದುದಕ್ಕೆ ತೆತ್ತ ಸುಂಕ. ಇಂತಹ ಕೊಳವೆಯಲ್ಲಿ ಸೆಕೆಂಡಿಗೆ ಸುಮಾರು 50 ಲೀಟರ್ ಗಾಳಿ ಹರಿಯಬಲ್ಲುದು. ಕೋಣೆಯ ಗಾಳಿಗಿಂತ ಅದು 30 ಡಿಗ್ರಿ ಬಿಸಿಯಾಗಿದ್ದರೆ ಒಳತರುವ ಶಾಖ 1800 ವಾಟ್, ಎರಡು ವಿದ್ಯುತ್ ಇಸ್ತ್ರಿಪೆಟ್ಟಿಗೆಗಳಷ್ಟು. ಗಾಳಿ ಅರ್ಧವಾದರೆ ಶಾಖವೂ ಅರ್ಧ. ಕಿಟಕಿಯ ಹೊರಗಿನ ಚಳಿ ಮಾತ್ರ ಅಷ್ಟೇ.

ಪಂಖದ ವೇಗವನ್ನು ಹೆಚ್ಚಿಸಿ ಕೊರತೆಯನ್ನು ತುಂಬಬಾರದೆ ಎಂದು ಚುರುಕು ವಾಚಕರು ಕೇಳಬಹುದು. ಮನೆಯ ಕುಲುಮೆಗಳನ್ನು ಸಾಮಾನ್ಯವಾಗಿ ಅರ್ಧ ಅಂಗುಲ ನೀರಿನ ಒತ್ತಡಕ್ಕಾಗಿ ನಿರ್ಮಿಸಿರುತ್ತಾರೆ. ಎಳನೀರು ಕುಡಿಯುವ ಕೊಳವೆಯಲ್ಲಿ ನೀರನ್ನು ಅರ್ಧ ಅಂಗುಲ ಮೇಲಕ್ಕೆಳೆಯಲು ಎಷ್ಟು ಬೇಕೋ ಅಷ್ಟು! ಇದರಲ್ಲಿಯೂ ಒಂದು ಪಾಲನ್ನು ಧೂಳು ಸೋಸುವ ಜಾಲರಿ ನುಂಗುತ್ತದೆ. ಉಳಿದುದರಲ್ಲಿ ಡಕ್ಟುಗಳು ಬಾಳಬೇಕು. ಕಿರಿದಾದ ಡಕ್ಟುಗಳಿಂದ ಗಾಳಿ ಕುಂಠಿತವಾದರೆ ಕುಲುಮೆಯೊಳಗಿನ ಶಾಖಕ್ಕೆ ಹೊರದಾರಿಯಿಲ್ಲದೆ ಅದರ ಲೋಹ ಮಿತಿಮೀರಿ ಕಾಯುತ್ತದೆ. ಆಗ ರಕ್ಷಕ ಸ್ವಿಚ್ಚು ಉರಿಯನ್ನು ಆರಿಸುತ್ತದೆ. ಲೋಹ ತಣಿದ ಮೇಲೆ ಮತ್ತೆ ಉರಿ, ಮತ್ತೆ ತಡೆ. ಹೀಗೆ ವರ್ಷಗಟ್ಟಲೆ ಕಾದು ತಣಿದ ಲೋಹ ಬಿರುಕುಬಿಟ್ಟರೆ ವಿಷವಾದ ಕಾರ್ಬನ್ ಮಾನಾಕ್ಸೈಡು ಮನೆಯ ಗಾಳಿಯಲ್ಲಿ ಸೇರುವ ಅಪಾಯವುಂಟು. ದೊಡ್ಡ ಕುಲುಮೆಯನ್ನು ತಂದವರ ಮನೆಯಲ್ಲಿ ಈ ತೊಂದರೆ ಹೆಚ್ಚೇ ವಿನಾ ಕಡಮೆಯಲ್ಲ.

ಪಂಖವೇ ಇಲ್ಲದ ಹಿಂದಿನ ಕಾಲದ ಕುಲುಮೆಗಳಲ್ಲಿ ಬಿಸಿಗಾಳಿ ತನ್ನ ಹಗುರತನದಿಂದಲೇ ಮೇಲೇರಬೇಕಾಗಿತ್ತು. ಆ ಬಲ ಅತ್ಯಲ್ಪವಾದುದರಿಂದ ಕೊಳವೆಗಳು ಬಲು ದಪ್ಪ. ನೆಲಮಾಳಿಗೆಯ ತುಂಬ ಅಷ್ಟಪದಿಯ ತೋಳುಗಳಂತೆ ಚಾಚಿಕೊಂಡಿರುತ್ತಿದ್ದುವು.

ಅಗಲವಾದ ಚಪ್ಪಟೆ ಡಕ್ಟಿಗೆ ಇನ್ನೊಂದು ದುರ್ಗುಣವಿದೆ. ಪಂಖ ಹೊರಟಾಗಲೂ ನಿಂತಾಗಲೂ ಅದರ ತಗಡು ಒಳಹೊರಗೆ ಬಾಗಿ ತಮಟೆಯಂತೆ ಸದ್ದು ಮಾಡುತ್ತದೆ. ತಗಡಿನ ಕೆಲಸದವರು ಅದರ ಮೈಮೇಲೆ ಮೂಲೆಯಿಂದ ಮೂಲೆಗೆ ಎರಡು ಅಡ್ಡ ಮಡಿಕೆಗಳನ್ನು ಹಾಕುವುದು ಇದಕ್ಕಾಗಿಯೇ, ಬರಿಯ ಅಲಂಕಾರಕ್ಕಲ್ಲ.

ಜಂತೆಗಳ ನಡುವೆ ಹಿಡಿಸುವ 14ಕ್ಕೆ 8 ಅಂಗುಲದ ಡಕ್ಟಿನ ಸಮಾನ ವ್ಯಾಸವೆಷ್ಟೆಂಬುದನ್ನು ವಾಚಕರು ಲಾಗರಿದಮ್ ಕೋಷ್ಟಕದ ನೆರವಿನಿಂದ ಲೆಕ್ಕಹಾಕಿ ನೋಡಬಹುದು. ಉತ್ತರ ಹನ್ನೊಂದೂವರೆ ಅಂಗುಲದ ಆಸುಪಾಸಿನಲ್ಲಿ ಬರಬೇಕು.